ಬರ್ಮುಡದ ಕಡಲಿನಲ್ಲಿ ಕಾಣೆಯಾದ ವಿಮಾನಗಳು

ಸಮುದ್ರದಲ್ಲಿ ಹಡಗು ಕಾಣೆಯಾಗುವುದು ಹೊಸ ಸಂಗತಿಯೇನಲ್ಲ. ಹಾಯಿಯ ಕಾಲದಲ್ಲಿ ರೇವನ್ನು ಬಿಟ್ಟ ನೌಕೆ ಹಿಂದಿರುಗದಿದ್ದರೆ ಬಂಧುಗಳು ಒಂದೆರಡು ವರ್ಷ ದಾರಿ ನೋಡಿ, ಕಡಲು ನುಂಗಿತೆಂದು ನಿಟ್ಟುಸಿರು ಬಿಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಬಯಸಿದವರು ಕಡಿಮೆ. ರೇಡಿಯೋ ಬಂದಮೇಲೆ ಈ ಸ್ಥಿತಿ ಬದಲಾಯಿತು. ಕಾಣೆಯಾಗುತ್ತಿರುವವರ ಧ್ವನಿಯನ್ನೇ ದಡದಲ್ಲಿದ್ದವರು ಕೇಳುವಂತಾಯಿತು. ಆ ಧ್ವನಿಯನ್ನು ಒಮ್ಮೆ ಕೇಳಿದ ಮೇಲೆ ಅದಕ್ಕೊಂದು ಕಾರಣವನ್ನು ಹುಡುಕದೆ ಮನಸ್ಸು ಸುಮ್ಮನಿರದು.

ಅಂತಹ ಪ್ರಸಂಗಗಳಲ್ಲೆಲ್ಲ ಪ್ರಸಿದ್ಧವಾದುದು ೧೯೪೫ನೆಯ ಡಿಸೆಂಬರ್ ೫ರಂದು ನಡೆಯಿತು. ಅಮೆರಿಕದ ಆಗ್ನೇಯ ಮೂಲೆಯಲ್ಲಿರುವ ಫ್ಲಾರಿಡದ ಫೋರ್ಟ್ ಲಾಡರ್‌ಡೇಲ್ ಎಂಬಲ್ಲಿ ಆಗ ನೌಕಾದಳದ ವಿಮಾನಶಾಲೆಯೊಂದಿತ್ತು. ಅಂದು ಮಧ್ಯಾಹ್ನ ೨ ಗಂಟೆ ೧೦ ನಿಮಿಷಕ್ಕೆ ಅಲ್ಲಿಂದ ಐದು ಅವೆಂಜರ್ ವಿಮಾನಗಳು ಮೇಲೇರಿದುವು. ಅವುಗಳಲ್ಲಿ ಒಟ್ಟು ೧೪ ಮಂದಿ. ತಂಡದ ಹೆಸರು ‘ಫ್ಲೈಟ್ ೧೯’. ನಾಯಕನಾದ ಲೆಫ್ಟಿನೆಂಟ್ ಚಾರ್ಲ್ಸ್ ಟೇಲರನು ಯುದ್ಧದಲ್ಲಿ ನುರಿತವನು. ಉಳಿದ ಚಾಲಕರು ಅವನ ಕೈಕೆಳಗೆ ಕಲಿಯುತ್ತಿದ್ದವರು. ಪೂರ್ವಕ್ಕೆ ಹಾರಿ, ಬಹಾಮ ದ್ವೀಪಗಳ ಹತ್ತಿರದ ಬಂಡೆಸಾಲಿನ ಮೇಲೆ ಬಾಂಬುಗಳನ್ನು ಎಸೆದು, ಉತ್ತರಕ್ಕೆ ತಿರುಗಿ, ಮತ್ತೆ ಪಶ್ಚಿಮಾಭಿಮುಖವಾಗಿ ಮನೆಗೆ ಬರುವುದು ಅಂದಿನ ಪಾಠ. ಎರಡು ಮೂರು ಗಂಟೆಗಳ ಕೆಲಸ, ಅಷ್ಟೆ.

ಸುಮಾರು ೩-೪೦ರ ಹೊತ್ತಿಗೆ, ಆಕಾಶದಲ್ಲಿಯೇ ಇದ್ದ ಇನ್ನೊಬ್ಬ ಶಿಕ್ಷಕನ ಕಿವಿಗೆ ಟೇಲರನ ಮಾತು ಬಿದ್ದಿತು. ತನ್ನ ಎರಡು ದಿಕ್ಸೂಚಿಗಳೂ ಕೆಟ್ಟಿವೆ, ಕೆಳಗೆ ತುಂಡುತುಂಡಾದ ನೆಲ ಕಾಣುತ್ತಿದೆ, ತಾನು ‘ಕೀಸ್’ ದ್ವೀಪಗಳ ಮೇಲಿರುವುದು ನಿಶ್ಚಯ, ಎಂದು ಆತನು ಹೇಳುತ್ತಿದ್ದನು. ಸಕಲ ಅನರ್ಥಕ್ಕೂ ಮೂಲವಾದದ್ದು ಈ ನಿಶ್ಚಯವೇ. ಕೀಸ್ ಎಂಬುವು ಫ್ಲಾರಿಡದ ದಕ್ಷಿಣ ತುದಿಯಿಂದ ನೈರುತ್ಯಕ್ಕೆ ಚಾಚಿರುವ ಕಿರುದ್ವೀಪಗಳು. ಟೇಲರನು ಅದಕ್ಕೆ ಮುಂಚೆ ಮಯಾಮಿಯಲ್ಲಿದ್ದವನು. ಆ ದ್ವೀಪಗಳ ಮೇಲೆ ಹಾರಿ ಹಾರಿ ಅವುಗಳ ರೂಪು ಅವನ ಕಣ್ಣಿನಲ್ಲಿ ನೆಲೆಸಿತ್ತು. ಬಹಾಮದ ತಗ್ಗುದ್ವೀಪಗಳೂ ಮೇಲಿನಿಂದ ನೋಡುವವರಿಗೆ ಹಾಗೆಯೇ ತೋರುತ್ತವೆ. ಆತನು ನಿಜವಾಗಿ ಕೀಸ್ ಮೇಲೆಯೇ ಇದ್ದಿದ್ದರೆ ಈಶಾನ್ಯಕ್ಕೆ ಹಾರಿದಾಗ ಫ್ಲಾರಿಡ ಸಿಕ್ಕುತ್ತಿತ್ತು. ಇದ್ದದ್ದು ಬಹಾಮದ ಮೇಲೆ. ಅಲ್ಲಿಂದ ಈಶಾನ್ಯಕ್ಕೆ ಅಟ್ಲಾಂಟಿಕ್ ಮಹಾಸಾಗರವಲ್ಲದೆ ಬೇರೇನೂ ಇಲ್ಲ.

ಪಶ್ಚಿಮಕ್ಕೆ ಹೋದರೆ ಮನೆ ಸೇರುತ್ತೇವೆಂದು ತಂಡದಲ್ಲಿ ಒಬ್ಬನು ಗೊಣಗಿದ್ದು ದಡದವರಿಗೆ ಕೇಳಿಸಿತು. ಅವನ ಮಾತು ಸರಿಯಾಗಿತ್ತು. ಆದರೆ ನಾಯಕನನ್ನು ಬಿಟ್ಟು ಹೋಗುವುದು ಸೈನಿಕನ ಧರ್ಮವಲ್ಲ. ಐದು ವಿಮಾನಗಳೂ ಜೊತೆಯಾಗಿಯೇ ಉಳಿದುವು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ಡಿಸೆಂಬರಿನ ಹಗಲು ಬೇಗನೆ ಮುಗಿಯಿತು. ಗಾಳಿ ಬಲವಾಯಿತು, ಕಡಲು ಕೆರಳಿತು. ಏಳು ಗಂಟೆಯ ಬಳಿಕ ಧ್ವನಿ ನಿಂತಿತು. ಹೊಟ್ಟೆಯಲ್ಲಿದ್ದ ಪೆಟ್ರೋಲು ಹೆಚ್ಚೆಂದರೆ ಎಂಟು ಗಂಟೆಯವರೆಗೆ ಬರುವಷ್ಟು. ಕತ್ತಲೆಯಲ್ಲಿ, ಏಳುತ್ತಿರುವ ಅಲೆಗಳ ಮೇಲೆ ಅವೆಂಜರಿನಂತಹ ಭಾರವಾದ ವಿಮಾನವನ್ನು ಇಳಿಸಿದರೆ ಅದು ಎಷ್ಟು ಹೊತ್ತು ತೇಲೀತು?

ಅವರನ್ನು ಹುಡುಕಲು ೭-೨೭ಕ್ಕೆ ಹೊರಟ ಮ್ಯಾರಿನರ್ ಎಂಬ ದೊಡ್ಡ ಕಡಲವಿಮಾನವೂ ೧೩ ಜನರೊಡನೆ ಮರಳಲಿಲ್ಲ. ೭-೫೦ರ ಹೊತ್ತಿಗೆ ‘ಗೇನ್ಸ್ ಮಿಲ್ಸ್’ ಎಂಬ ಹಡಗಿನವರು ಬೆಂಕಿಯ ಜ್ವಾಲೆಯನ್ನೂ ಅನಂತರ ನೀರಿನ ಮೇಲೆ ಎಣ್ಣೆಯನ್ನೂ ಕಂಡರು. ಈ ಜಾತಿಯ ವಿಮಾನದೊಳಗೆ ಪೆಟ್ರೋಲಿನ ಆವಿ ಸೇರಿಕೊಳ್ಳುವುದುಂಟೆಂಬುದು ನಾವಿಕರಿಗೆಲ್ಲ ತಿಳಿದಿದ್ದ ವಿಷಯ. ಇದರಲ್ಲಿ ರಹಸ್ಯವೇನೂ ಇಲ್ಲ. ಆದರೆ ಕಥೆ ಹೇಳುವವರು ಸಾಮಾನ್ಯವಾಗಿ ಆ ಜ್ವಾಲೆಯನ್ನು ಬಿಟ್ಟೇ ಹೇಳುತ್ತಾರೆ.

ವಿಚಾರಣಾ ಮಂಡಲಿಯವರು ಟೇಲರನ ಭ್ರಮೆಯೇ ಕಾರಣವೆಂದು ತೀರ್ಮಾನಿಸಿದರು. ಆಗ ಎದ್ದು ನಿಂತವಳು ಅವನ ತಾಯಿ. ಮಗ ಹೋದ ದುಃಖದ ಮೇಲೆ, ಅವನೇ ಹದಿಮೂರು ಜನರನ್ನು ಸಾವಿಗೆ ಒಯ್ದನೆಂಬ ಅಪವಾದ. ವಿಮಾನವೂ ಸಿಕ್ಕಿಲ್ಲ, ದೇಹವೂ ಸಿಕ್ಕಿಲ್ಲ. ಸಾಕ್ಷ್ಯವಿಲ್ಲದೆ ಸತ್ತವನ ಮೇಲೆ ದೋಷ ಹೊರಿಸುವುದು ಹೇಗೆ, ಎಂದು ಆಕೆ ಹಟ ಹಿಡಿದಳು. ೧೯೪೭ರಲ್ಲಿ ನೌಕಾದಳದವರು ದಾಖಲೆಯನ್ನು ತಿದ್ದಿ ‘ಕಾರಣ ತಿಳಿಯದು’ ಎಂದು ಬರೆದರು. ನಾನು ಆ ತಾಯಿಯನ್ನು ತಪ್ಪೆನ್ನಲಾರೆ. ಆಕೆಯ ವಾದದಲ್ಲಿ ನ್ಯಾಯವಿತ್ತು. ಆದರೆ ಆ ಮಾತಿಗೆ ಕಚೇರಿಯಲ್ಲಿದ್ದ ಅರ್ಥ ಒಂದು, ಪೇಟೆಯಲ್ಲಿ ಬಂದ ಅರ್ಥ ಇನ್ನೊಂದು. ದೋಷವನ್ನು ನಿರ್ಧರಿಸುವಷ್ಟು ಸಾಕ್ಷ್ಯವಿಲ್ಲವೆಂದು ಕಚೇರಿ ಬರೆಯಿತು. ಪ್ರಕೃತಿನಿಯಮಕ್ಕೆ ಮೀರಿದುದೆಂದು ಜನ ಓದಿದರು.

ಮುಂದಿನದು ಲೇಖಕರ ಕೈವಾಡ. ೧೯೬೨ರಲ್ಲಿ ಒಂದು ಪತ್ರಿಕೆ, ದಾಖಲೆಯಲ್ಲಿ ಎಲ್ಲಿಯೂ ಇಲ್ಲದ ಸಂಭಾಷಣೆಯನ್ನು ವಿಮಾನಿಕರ ಬಾಯಲ್ಲಿ ಇಟ್ಟಿತು. ೧೯೬೪ರಲ್ಲಿ ವಿನ್ಸೆಂಟ್ ಗ್ಯಾಡಿಸ್ ಎಂಬವರು ಫ್ಲಾರಿಡ, ಬರ್ಮುಡ, ಪೋರ್ಟೊ ರೀಕೊಗಳ ನಡುವಣ ಕಡಲಿಗೆ ‘ಬರ್ಮುಡ ತ್ರಿಕೋನ’ವೆಂದು ನಾಮಕರಣ ಮಾಡಿದರು. ಹೆಸರಿಟ್ಟ ಮೇಲೆ ಮಗು ಬೆಳೆಯದಿದ್ದೀತೆ? ೧೯೧೮ರಲ್ಲಿ ಮ್ಯಾಂಗನೀಸ್ ಅದಿರನ್ನು ಹೊತ್ತು ಮುನ್ನೂರಕ್ಕೂ ಹೆಚ್ಚು ಜನರೊಡನೆ ಕಾಣೆಯಾಗಿದ್ದ ‘ಸೈಕ್ಲಾಪ್ಸ್’ ಹಡಗನ್ನೂ ಅದರ ಲೆಕ್ಕಕ್ಕೆ ಸೇರಿಸಿದರು. ೧೯೭೪ರಲ್ಲಿ ಚಾರ್ಲ್ಸ್ ಬರ್ಲಿಟ್ಸರ ಗ್ರಂಥ ಲೋಕವೆಲ್ಲ ಮಾರಾಟವಾಯಿತು. ಮುಳುಗಿದ ಅಟ್ಲಾಂಟಿಸ್ ನಗರದ ಶಕ್ತಿ, ಅನ್ಯಗ್ರಹದವರ ವಿಮಾನ, ಅಯಸ್ಕಾಂತದ ವೈಪರೀತ್ಯ, ಸಮುದ್ರತಳದಿಂದ ಉಕ್ಕುವ ಅನಿಲ—ಹೀಗೆ ವಾದಗಳು ಮೊಳೆತುವು. ಇವುಗಳಲ್ಲಿ ಕೊನೆಯ ಎರಡನ್ನಾದರೂ ಪರೀಕ್ಷಿಸಬಹುದು. ದಿಕ್ಸೂಚಿಯ ಉತ್ತರಕ್ಕೂ ಭೂಮಿಯ ನಿಜವಾದ ಉತ್ತರಕ್ಕೂ ಇರುವ ಅಂತರ ಎಲ್ಲೆಡೆಯಲ್ಲಿಯೂ ಇದ್ದದ್ದೇ, ನಾವಿಕರ ನಕ್ಷೆಗಳಲ್ಲಿ ಅಚ್ಚಾಗಿರುವುದೇ. ಅನಿಲವಾದರೋ, ಕಳೆದ ೧೫,೦೦೦ ವರ್ಷಗಳಲ್ಲಿ ಆ ಕಡಲಿನಲ್ಲಿ ದೊಡ್ಡ ಪ್ರಮಾಣದಲ್ಲಿ ಉಕ್ಕಿದ ಗುರುತಿಲ್ಲವೆಂದು ಅಮೆರಿಕದ ಭೂಶಾಸ್ತ್ರಜ್ಞರು ಹೇಳುತ್ತಾರೆ.

ಅರಿಜೋನದ ಲಾರೆನ್ಸ್ ಡೇವಿಡ್ ಕುಶ್ ಎಂಬ ಗ್ರಂಥಪಾಲಕರು ಹಳೆಯ ಪತ್ರಿಕೆಗಳನ್ನೂ ಹವಾಮಾನದ ವರದಿಗಳನ್ನೂ ತರಿಸಿ ಒಂದೊಂದಾಗಿ ಓದಿದರು. ಶಾಂತವಾದ ದಿನವೆಂದು ಬರೆದಿದ್ದಲ್ಲಿ ಬಿರುಗಾಳಿಯಿತ್ತು. ತ್ರಿಕೋನದಲ್ಲಿ ಮುಳುಗಿದವೆಂಬ ಕೆಲವು ಹಡಗುಗಳು ಬೇರೆಲ್ಲಿಯೋ ಮುಳುಗಿದ್ದುವು. ೧೯೭೫ರಲ್ಲಿ ಬಂದ ಅವರ ಪುಸ್ತಕವನ್ನು, ಸಹಜವಾಗಿಯೇ, ಬರ್ಲಿಟ್ಸರದರಷ್ಟು ಜನ ಓದಲಿಲ್ಲ. ೧೯೭೭ರ ಒಂದು ಚಲನಚಿತ್ರದಲ್ಲಂತೂ ಆ ಐದು ವಿಮಾನಗಳು ಮರುಭೂಮಿಯಲ್ಲಿ ಹೊಳೆಯುತ್ತ ನಿಂತಿವೆ.

೧೯೯೧ರಲ್ಲಿ ಮುಳುಗಿದ ಸೊತ್ತನ್ನು ಹುಡುಕುತ್ತಿದ್ದ ಹಡಗೊಂದು ಫೋರ್ಟ್ ಲಾಡರ್‌ಡೇಲಿನ ಸಮೀಪದ ಕಡಲತಳದಲ್ಲಿ ಐದು ಅವೆಂಜರುಗಳನ್ನು ಕಂಡಿತು. ಸುದ್ದಿ ದೇಶದೇಶಗಳಿಗೆ ಹರಡಿತು. ಮೈಮೇಲಿನ ಅಂಕಿಗಳನ್ನು ಓದಿ ನೋಡಿದರೆ, ಅವು ಟೇಲರನ ತಂಡದವಲ್ಲ. ಬೇರೆಬೇರೆ ದಿನಗಳ ಅಭ್ಯಾಸದಲ್ಲಿ ಬಿದ್ದ ಬೇರೆ ವಿಮಾನಗಳು. ಅವುಗಳ ವಿಷಯವಾಗಿ ಯಾರೂ ಪುಸ್ತಕ ಬರೆದಿರಲಿಲ್ಲ.