ಜಾಮೀನು

ಕಮ್ಮರಡಿ ಕಡೆ ಈ ಮಾತು ಕೋರ್ಟಿಗಿಂತ ಸೊಸೈಟಿಯಲ್ಲೇ ಹೆಚ್ಚು ಕೇಳಿಸುತ್ತದೆ. ಬೆಳೆಸಾಲಕ್ಕೆ ಜಾಮೀನು, ಬೈಕ್ ಸಾಲಕ್ಕೆ ಜಾಮೀನು. ‘ಅವನಿಗೆ ಜಾಮೀನು ನಿಂತು ಕೆಟ್ಟೆ ಮಾರಾಯ’ ಎನ್ನುವವರು ಊರಿಗೊಬ್ಬರಾದರೂ ಸಿಗುತ್ತಾರೆ. ನಿಲ್ಲುವುದು ಮನುಷ್ಯನ ಕೆಲಸ. ಅರಬ್ಬಿಯಲ್ಲಿ ‘ಜಾಮಿನ್’ ಅಂದರೂ ಹೊಣೆ ಹೊತ್ತ ಮನುಷ್ಯನೇ. ಪಾರಸಿ ದಫ್ತರಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂದ ಮೇಲೆ ಆ ಪದ ಮನುಷ್ಯನ ಕೈಬಿಟ್ಟು ಕಾಗದದ ಕೈ ಹಿಡಿಯಿತು. ಈಗ ಜಾಮೀನು ‘ಮಂಜೂರಾಗುತ್ತದೆ’, ‘ರದ್ದಾಗುತ್ತದೆ’. ಪಾಪ, ನಿಂತವನಿಗೆ ‘ದಾರ’ ಪೋಣಿಸಿ ಜಾಮೀನುದಾರ ಎಂದು ಬೇರೆ ಹೆಸರಿಡಬೇಕಾಯಿತು.

ಅವನ ಕೈಯಲ್ಲಿ ಕೋರ್ಟು ಹುಡುಕುವುದು ಪಹಣಿಯನ್ನು. ಅಡಿಕೆ ತೋಟದ ಯಜಮಾನರಿಗೆ ಪಹಣಿಯ ಬರವಿಲ್ಲ. ಲೈನ್ ಮನೆಯ ಕೂಲಿಯವನ ನೆಂಟರಿಷ್ಟರನ್ನೆಲ್ಲ ಕೂಡಿಸಿದರೂ ಹೊರಡುವುದು ಹೆಚ್ಚೆಂದರೆ ಬಗರ್‌ಹುಕುಂ ನಮೂನೆ 57ರ ಸ್ವೀಕೃತಿ ಚೀಟಿ. ಹೀಗಾಗಿ ಜಾಮೀನು ಮಂಜೂರಾದವನೂ ಜೈಲಿನಲ್ಲೇ ಉಳಿಯುವುದುಂಟು. ಇಲ್ಲವೇ ಯಜಮಾನರೇ ಬಂದು ಸಹಿ ಹಾಕಬೇಕು. ಆ ಸಹಿಯ ಋಣ ಎಷ್ಟು ಕೊನೆಕೊಯ್ಲಿಗೆ ತೀರುತ್ತದೋ, ಯಾವ ಕಾನೂನು ಪುಸ್ತಕವೂ ಹೇಳುವುದಿಲ್ಲ.

ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಅವನ ಜಾಮೀನನ್ನೂ ಒಪ್ಪಲಿಲ್ಲ. 1978ರಲ್ಲಿ ಇದನ್ನು ತಳ್ಳಿಹಾಕಿದ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕನ್ನಡಿಗನೊಬ್ಬ ಬಸ್ತಾರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಏನು ಮಾಡಬೇಕೆಂದು ತೀರ್ಪಿನಲ್ಲೇ ಕೇಳಿದ್ದರು. ಇವತ್ತು ನಮ್ಮ ಕಾಫಿ ತೋಟಗಳಿಗೆ ಬಂದಿರುವ ಅಸ್ಸಾಮಿನ ಕೂಲಿಯವನದೂ ಅದೇ ಪ್ರಶ್ನೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5.73 ಲಕ್ಷ. ಅವರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಇವರೆಲ್ಲ ಪಹಣಿ ಇಲ್ಲದ್ದಕ್ಕೇ ಒಳಗಿದ್ದಾರೆ ಅನ್ನಲಾಗದು. ಆದರೆ ಬಿಡುಗಡೆಗೆ ಆಸ್ತಿಯನ್ನೇ ಅಳತೆ ಮಾಡಿಕೊಂಡರೆ, ಸಮಾಜಶಾಸ್ತ್ರದ ತರಗತಿಯಲ್ಲಿ ‘ಅಸಮಾನತೆ’ ಎಂದು ಓದುವುದನ್ನು ಕೋರ್ಟಿನ ಗುಮಾಸ್ತರ ಮೇಜಿನ ಮುಂದೆಯೇ ನೋಡಬಹುದು.

ಕಾನೂನು ಅಷ್ಟು ಕುರುಡೇನಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮು ನೋಡಿ: ಜಾಮೀನು ಕೊಡಬಹುದಾದ ಅಪರಾಧದಲ್ಲಿ ಬಂಧಿತನು ವಾರದೊಳಗೆ ಜಾಮೀನು ಒದಗಿಸಲಾಗದಿದ್ದರೆ ಅವನನ್ನು ಬಡವನೆಂದೇ ತಿಳಿದು, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಹಳೆಯ ಸಂಹಿತೆಯಲ್ಲೂ ಇದಿತ್ತು. ನಿಮ್ಮ ತೋಟದವರು ಯಾರಾದರೂ ಹೀಗೆ ಸಿಕ್ಕಿಕೊಂಡರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿಸಿ. ಬಂಧನದಲ್ಲಿರುವವರಿಗೆ ಅಲ್ಲಿಂದ ಸಿಗುವ ವಕೀಲರ ಸೇವೆಗೆ ಶುಲ್ಕವಿಲ್ಲ.