ಕಾಲ್ವ್ ಪಟ್ಟಣದ ಕನ್ನಡ ನಂಟು

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯಲ್ಲಿ ನಾಗೋಲ್ಡ್ ಹೊಳೆಯ ದಡದಲ್ಲಿರುವ ಪುಟ್ಟ ಪಟ್ಟಣ ಕಾಲ್ವ್. ಕಾದಂಬರಿಕಾರ ಹರ್ಮನ್ ಹೆಸ್ಸೆ 1877ರಲ್ಲಿ ಹುಟ್ಟಿದ್ದು ಇಲ್ಲಿಯೇ. ಸೇತುವೆಯ ಮೇಲೆ ಆತನ ಕಂಚಿನ ಪ್ರತಿಮೆಯಿದೆ; ಪ್ರವಾಸಿಗರು ಬರುವುದೂ ಬಹುಮಟ್ಟಿಗೆ ಆತನ ಹೆಸರಿಗಾಗಿಯೇ. ಆದರೆ ಕನ್ನಡದ ಅಭ್ಯಾಸಿ ಇಲ್ಲಿ ಮೊದಲು ವಿಚಾರಿಸಬೇಕಾದದ್ದು ಮೊಮ್ಮಗನನ್ನಲ್ಲ, ತಾತನನ್ನು.

ಊರಿನ ಕಟ್ಟಡಗಳ ವಿಷಯ ಚಿಕ್ಕದಾಗಿ ಹೇಳಬಹುದು. 1692ರಲ್ಲಿ ಫ್ರೆಂಚ್ ಸೈನ್ಯ ಊರನ್ನು ಸುಟ್ಟಿತು. ಆದ್ದರಿಂದ ಮಾರುಕಟ್ಟೆ ಚೌಕದ ಸುತ್ತಲಿನ ಮರದ ಚೌಕಟ್ಟಿನ ಚೆಂದದ ಮನೆಗಳು ಹೆಚ್ಚಾಗಿ ಅದರ ನಂತರದವು. ಅವನ್ನು ಮಧ್ಯಯುಗದ್ದೆಂದು ಬಣ್ಣಿಸುವುದು ಉತ್ಸಾಹದ ಮಾತು. ನಿಕೋಲಸ್ ಸೇತುವೆ ಮತ್ತು ಅದರ ಮೇಲಿನ ಪ್ರಾರ್ಥನಾ ಮಂದಿರ ಮಾತ್ರ 1400ರ ಸುಮಾರಿನವು. 1650ರಿಂದ 1797ರವರೆಗೆ ಉಣ್ಣೆಬಟ್ಟೆಯ ವ್ಯಾಪಾರಿ ಕೂಟವೊಂದು ಈ ಊರನ್ನು ಸಿರಿವಂತವಾಗಿಸಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲ್ವ್‌ಗೆ ಹೆಸರು ತಂದದ್ದು ಪುಸ್ತಕ. ಪಾದ್ರಿ ಕ್ರಿಶ್ಚಿಯನ್ ಗಾಟ್ಲೋಬ್ ಬಾರ್ತ್ ಕಟ್ಟಿದ ಧಾರ್ಮಿಕ ಪ್ರಕಾಶನ ಸಂಸ್ಥೆ ಅಗ್ಗದ ಬೆಲೆಯ ಬೈಬಲ್ ಕಥೆಗಳನ್ನೂ ಶಾಲಾಪುಸ್ತಕಗಳನ್ನೂ ದೂರದೂರಕ್ಕೆ ಕಳಿಸುತ್ತಿತ್ತು. 1862ರಲ್ಲಿ ಬಾರ್ತ್ ತೀರಿಕೊಂಡ ಮೇಲೆ ಅದರ ಹೊಣೆ ಹೊತ್ತವನು ಹೆಸ್ಸೆಯ ತಾಯಿಯ ತಂದೆ ಹರ್ಮನ್ ಗುಂಡರ್ಟ್. ಮಲಯಾಳಂ ನಿಘಂಟುಕಾರನೆಂದು ಕೇರಳ ಆತನನ್ನು ನೆನೆಯುತ್ತದೆ, ತಲಶ್ಶೇರಿಯಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದೆ. 1857ರಲ್ಲಿ ಸರ್ಕಾರ ಆತನನ್ನು ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ನೇಮಿಸಿದಾಗ ಮಲಬಾರಿನ ಜೊತೆಗೆ ಕೆನರಾ ಜಿಲ್ಲೆಯೂ ಆತನ ಪಾಲಿಗೆ ಬಂದಿತ್ತೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಇದಕ್ಕಿಂತ ಮುಖ್ಯವಾದ ಸಾಕ್ಷ್ಯ ಒಂದು ಪುಸ್ತಕ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಗುಂಡರ್ಟ್‌ನ ಹಳೆಯ ಗೆಳೆಯ. ಇಬ್ಬರೂ ಟ್ಯೂಬಿಂಗೆನ್‌ನಲ್ಲಿ ಓದಿದವರು, ಇಬ್ಬರೂ ಬಾಸೆಲ್ ಮಿಶನ್‌ಗೆ ದುಡಿದವರು. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ. ಮರುವರ್ಷವೇ ಗುಂಡರ್ಟ್ ಬರೆದ ಆತನ ಜೀವನಚರಿತ್ರೆ ಕಾಲ್ವ್‌ನ ಇದೇ ಪ್ರಕಾಶನದಿಂದ ಬಂತು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕನ ಬಗ್ಗೆ ಆತನನ್ನು ಹತ್ತಿರದಿಂದ ಬಲ್ಲವನೊಬ್ಬ ಬರೆದ ಪುಸ್ತಕವಿದು. ಗೆಳೆಯನೇ ಬರೆದದ್ದರಿಂದ, ಅದೂ ಮಿಶನ್ನಿನ ಓದುಗರಿಗಾಗಿ ಬರೆದದ್ದರಿಂದ, ಹೊಗಳಿಕೆಯನ್ನು ಸೋಸಿಯೇ ಓದಬೇಕು. ಹಾಗಿದ್ದರೂ ಕನ್ನಡ ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಇದನ್ನು ಮೂಲ ಜರ್ಮನ್‌ನಲ್ಲಿ ನೋಡದೆ ಮುಂದೆ ಹೋಗಬಾರದು.