ಸಣ್ಣ ಉದ್ದಿಮೆಗಳು ರಫ್ತಿಗೆ ಸಿದ್ಧಗೊಳ್ಳುವ ವಿಧಾನ: ಅಗರಬತ್ತಿ ಘಟಕಗಳಿಗೆ ಮಾಹಿತಿ

ಪೀಠಿಕೆ

ಜ್ಞಾನಭಾರತಿ, ಕೆಂಗೇರಿ, ವಿಜಯನಗರ, ಬಸವೇಶ್ವರನಗರ ಹಾಗೂ ರಾಜಾಜಿನಗರ ಪ್ರದೇಶಗಳ ಸಣ್ಣ ಉದ್ದಿಮೆದಾರರು ವಿದೇಶಿ ಮಾರುಕಟ್ಟೆಗೆ ಮೊದಲ ಬಾರಿ ಸರಕು ಕಳುಹಿಸುವ ಮುನ್ನ ಕೈಗೊಳ್ಳಬೇಕಾದ ಕ್ರಮಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಬೆಂಗಳೂರು ಮತ್ತು ಮೈಸೂರು ಅಗರಬತ್ತಿ ತಯಾರಿಕೆಯ ಹಳೆಯ ಕೇಂದ್ರಗಳಾಗಿದ್ದು, 'ಮೈಸೂರು ಅಗರಬತ್ತಿ'ಗೆ 2005ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿರುತ್ತದೆ. ಆದುದರಿಂದ ಅಗರಬತ್ತಿ ಘಟಕವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ನೋಂದಣಿ, ಬೆಲೆ ಮತ್ತು ಪಾವತಿಗೆ ಸಂಬಂಧಿಸಿದ ಅಂಶಗಳು ಇತರ ಸರಕುಗಳಿಗೂ ಅನ್ವಯಿಸುತ್ತವೆ.

ಆಮದು-ರಫ್ತು ಸಂಕೇತ ಸಂಖ್ಯೆ (ಐಇಸಿ) ದೊರೆತ ಮಾತ್ರಕ್ಕೆ ಘಟಕವು ರಫ್ತಿಗೆ ಸಿದ್ಧವಾಯಿತೆಂದು ಭಾವಿಸತಕ್ಕದ್ದಲ್ಲ. ಸಣ್ಣ ಘಟಕಕ್ಕೆ ನಷ್ಟವುಂಟಾಗುವುದು ಹೆಚ್ಚಾಗಿ ಲೇಬಲ್, ಬೆಲೆ ನಿಗದಿ ಮತ್ತು ಪಾವತಿಯ ಷರತ್ತುಗಳಲ್ಲಿ. ಇವುಗಳನ್ನು ಸರಕು ಹೊರಡುವ ಮೊದಲೇ ಇತ್ಯರ್ಥಪಡಿಸಿಕೊಳ್ಳುವುದು ಅಗತ್ಯ.

1. ನೋಂದಣಿಗಳು

ಅ) ಉದ್ಯಮ್ ನೋಂದಣಿ: ಇದು ಉಚಿತ. ಘಟಕದ ವರ್ಗವನ್ನು ನಿರ್ಧರಿಸುವಾಗ ರಫ್ತು ವಹಿವಾಟಿನ ಮೊತ್ತವನ್ನು ಒಟ್ಟು ವಹಿವಾಟಿನಿಂದ ಹೊರಗಿಡಲಾಗುತ್ತದೆ.

ಆ) ಐಇಸಿ: ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಶುಲ್ಕ ರೂ. 500. ಪ್ಯಾನ್ ಸಂಖ್ಯೆಯೇ ಸಂಕೇತ ಸಂಖ್ಯೆಯಾಗಿರುತ್ತದೆ. ಬದಲಾವಣೆ ಇಲ್ಲದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿವರಗಳನ್ನು ದೃಢೀಕರಿಸತಕ್ಕದ್ದು. ತಪ್ಪಿದಲ್ಲಿ ಸಂಖ್ಯೆಯು ನಿಷ್ಕ್ರಿಯಗೊಳ್ಳುತ್ತದೆ. ಸರ್ಕಾರಿ ಜಾಲತಾಣವನ್ನೇ ಹೋಲುವ ಖಾಸಗಿ ಜಾಲತಾಣಗಳಲ್ಲಿ ಹೆಚ್ಚಿನ ಹಣ ಪಾವತಿಸಿ ಮೋಸಹೋಗದಂತೆ ಎಚ್ಚರ ವಹಿಸಬೇಕು.

ಇ) ಜಿಎಸ್‌ಟಿ: ರಫ್ತು ಶೂನ್ಯ ದರದ ಪೂರೈಕೆಯಾಗಿದೆ. ಆರ್‌ಎಫ್‌ಡಿ-11 ನಮೂನೆಯಲ್ಲಿ ಮುಚ್ಚಳಿಕೆ ಪತ್ರ ಸಲ್ಲಿಸಿದಲ್ಲಿ ತೆರಿಗೆ ಪಾವತಿಸದೆ ರಫ್ತು ಮಾಡಬಹುದು. ಈ ಪತ್ರವನ್ನು ಪ್ರತಿ ಆರ್ಥಿಕ ವರ್ಷವೂ ಹೊಸದಾಗಿ ಸಲ್ಲಿಸತಕ್ಕದ್ದು.

ಈ) ಬ್ಯಾಂಕ್: ಸಂಸ್ಥೆಯ ಹೆಸರಿನಲ್ಲಿ ಚಾಲ್ತಿ ಖಾತೆ ಇರಬೇಕು. ಬ್ಯಾಂಕಿನ ಅಧಿಕೃತ ಡೀಲರ್ ಸಂಕೇತವನ್ನು (ಎಡಿ ಕೋಡ್) ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ವ್ಯವಸ್ಥೆಯಲ್ಲಿ ನೋಂದಾಯಿಸತಕ್ಕದ್ದು.

ಉ) ಸದಸ್ಯತ್ವ: ವಿದೇಶ ವ್ಯಾಪಾರ ನೀತಿ 2023ರ ಅಡಿಯಲ್ಲಿ ಸೌಲಭ್ಯ ಪಡೆಯಲು ರಫ್ತು ಉತ್ತೇಜನ ಮಂಡಳಿಯ ನೋಂದಣಿ ಹಾಗೂ ಸದಸ್ಯತ್ವ ಪ್ರಮಾಣಪತ್ರದ ಅಗತ್ಯವಿರುತ್ತದೆ. ಅಗರಬತ್ತಿಗೆ ಸಂಬಂಧಿಸಿದ ಮಂಡಳಿ ಕೆಮೆಕ್ಸಿಲ್.

2. ಸರಕು ಮತ್ತು ಲೇಬಲ್

ಅಗರಬತ್ತಿಯ ಸರಕು ವರ್ಗೀಕರಣ ಸಂಖ್ಯೆ 3307 41 00. ಖರೀದಿದಾರರ ದೇಶದ ಸುಂಕವನ್ನು ತಿಳಿಯಲು ಈ ಸಂಖ್ಯೆಯ ಮೊದಲ ಆರು ಅಂಕಿಗಳು ಆಧಾರವಾಗುತ್ತವೆ.

ಅ) ಗುಣಮಟ್ಟ: ಭಾರತೀಯ ಮಾನಕ ಬ್ಯೂರೋ ಅಗರಬತ್ತಿಗಾಗಿ ಐಎಸ್ 19412:2025 ಮಾನಕವನ್ನು ಪ್ರಕಟಿಸಿದ್ದು, ಕೆಲವು ಕೀಟನಾಶಕ ರಾಸಾಯನಿಕಗಳ ಬಳಕೆಯನ್ನು ಅದರಲ್ಲಿ ನಿಷೇಧಿಸಲಾಗಿದೆ. ಸುಗಂಧ ದ್ರವ್ಯದ ಪೂರೈಕೆದಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳತಕ್ಕದ್ದು.

ಆ) ಯೂರೋಪ್ ಒಕ್ಕೂಟ: 1272/2008 ಸಂಖ್ಯೆಯ ನಿಯಮಾವಳಿಯಂತೆ ಅಪಾಯ ಸೂಚನೆ ಅಗತ್ಯವಿರುವ ಸರಕುಗಳಲ್ಲಿ ಆ ಸೂಚನೆಯು ಮಾರಾಟವಾಗುವ ದೇಶದ ಅಧಿಕೃತ ಭಾಷೆಯಲ್ಲಿರಬೇಕು. ಉರಿಸಿ ಬಳಸುವ ಸುಗಂಧ ಸಾಮಗ್ರಿಗಳ ಹೊಗೆಯ ಪರೀಕ್ಷೆ ಮತ್ತು ಬಳಕೆದಾರರ ಸುರಕ್ಷತಾ ಸೂಚನೆಗಳಿಗೆ ಇಎನ್ 16738, 16739 ಮತ್ತು 16740 ಮಾನಕಗಳಿವೆ.

ಇ) ಅಮೆರಿಕ: ಸರಕು ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಕಾಣುವಂತೆ ಮುದ್ರಿತವಾಗಿರಬೇಕು. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಪಟ್ಟಿಮಾಡಿದ ರಾಸಾಯನಿಕಗಳ ಬಗ್ಗೆ 1986ರ ಪ್ರತ್ಯೇಕ ಕಾನೂನಿನಂತೆ ಎಚ್ಚರಿಕೆ ನೀಡಬೇಕಾಗುತ್ತದೆ.

ಲೇಬಲ್‌ನ ಕರಡನ್ನು ಖರೀದಿದಾರರಿಗೆ ಕಳುಹಿಸಿ, ಲಿಖಿತ ಒಪ್ಪಿಗೆ ಪಡೆದ ನಂತರವೇ ಮುದ್ರಿಸುವುದು ಸೂಕ್ತ. ಬೇರೆ ಬೇರೆ ಮನೆಗಳಲ್ಲಿ ಹೊಸೆಯಿಸಿದ ಬತ್ತಿಗಳ ಗಾತ್ರದಲ್ಲಿ ವ್ಯತ್ಯಾಸವಾಗುವ ಸಂಭವವಿರುವುದರಿಂದ, ಖರೀದಿದಾರರು ಒಪ್ಪಿದ ಮಾದರಿಯನ್ನೂ ಪ್ರತಿ ತಂಡದ ಒಂದು ಮಾದರಿಯನ್ನೂ ದಿನಾಂಕ ಸಹಿತ ಕಾಯ್ದಿರಿಸಬೇಕು. ಬತ್ತಿಗಳು ಚೆನ್ನಾಗಿ ಒಣಗಿರಬೇಕು; ತೇವ ಉಳಿದಲ್ಲಿ ಸಮುದ್ರಯಾನದಲ್ಲಿ ಬೂಸ್ಟು ಹಿಡಿಯುತ್ತದೆ. ಮರದ ಪೆಟ್ಟಿಗೆ ಅಥವಾ ಹಲಗೆ ಬಳಸಿದಲ್ಲಿ ಐಎಸ್‌ಪಿಎಂ-15 ಸಂಸ್ಕರಣೆಯ ಮುದ್ರೆ ಇರತಕ್ಕದ್ದು.

3. ಬೆಲೆ ನಿಗದಿ

ಸ್ಥಳೀಯ ಸಗಟು ಬೆಲೆಗೆ ಅಲ್ಪ ಲಾಭ ಸೇರಿಸಿ ವಿದೇಶಿ ಬೆಲೆ ತಿಳಿಸುವುದು ಸರಿಯಾದ ಕ್ರಮವಲ್ಲ. ಉದಾಹರಣೆಗೆ (ಅಂಕಿಗಳು ವಿವರಣೆಗಾಗಿ ಮಾತ್ರ), ರೂ. 4,50,000 ವೆಚ್ಚದ ಸರಕನ್ನು ರೂ. 5,00,000ಕ್ಕೆ ಒಪ್ಪಿಕೊಂಡರೆ ಲಾಭ ರೂ. 50,000 ಎಂದು ತೋರುತ್ತದೆ. ಬಂದರಿನವರೆಗಿನ ಸಾಗಣೆ, ಕಸ್ಟಮ್ಸ್ ಏಜೆಂಟರ ಶುಲ್ಕ, ಪರೀಕ್ಷೆ ಹಾಗೂ ಬ್ಯಾಂಕ್ ವೆಚ್ಚಗಳು ರೂ. 35,000 ಆದಲ್ಲಿ, ಮತ್ತು 90 ದಿನಗಳ ಸಾಲದ ಅವಧಿಗೆ ಶೇ. 12ರಂತೆ ರೂ. 13,500 ಬಡ್ಡಿ ಬಿದ್ದಲ್ಲಿ ಉಳಿಯುವುದು ರೂ. 1,500 ಮಾತ್ರ.

ಆದುದರಿಂದ ಬೆಲೆಯ ಜೊತೆಗೆ ಇನ್‌ಕೋಟರ್ಮ್ಸ್ 2020ರ ಪದವನ್ನು ತಪ್ಪದೆ ನಮೂದಿಸತಕ್ಕದ್ದು. ಎಫ್‌ಒಬಿ ಎಂದರೆ ಸರಕನ್ನು ಹಡಗಿಗೆ ಏರಿಸುವವರೆಗಿನ ವೆಚ್ಚ ಮಾರಾಟಗಾರರದು. ಸಿಐಎಫ್ ಎಂದರೆ ಇದರ ಜೊತೆಗೆ ಹಡಗು ಬಾಡಿಗೆ ಮತ್ತು ವಿಮೆಯೂ ಮಾರಾಟಗಾರರದೇ.

4. ಪಾವತಿಯ ಭದ್ರತೆ

ಮೇಲಿನ ಉದಾಹರಣೆಯಲ್ಲಿ ಒಂದು ಸರಕಿನ ಹಣ ಬಾರದೇ ಹೋದಲ್ಲಿ, ಪೂರ್ಣ ರೂ. 50,000 ಲಾಭ ತರುವ ಒಂಬತ್ತು ಸರಕುಗಳ ಗಳಿಕೆ ಆ ಒಂದು ನಷ್ಟಕ್ಕೇ ಸರಿಹೋಗುತ್ತದೆ. ಸಣ್ಣ ಘಟಕಗಳು ಗಮನಿಸಬೇಕಾದ ಅಂಶಗಳು:

ಅ) ಮೊದಲ ವ್ಯವಹಾರದಲ್ಲಿ ಮುಂಗಡ ಹಣ ಅಥವಾ ಬ್ಯಾಂಕ್ ಸಾಖಪತ್ರವನ್ನು (ಲೆಟರ್ ಆಫ್ ಕ್ರೆಡಿಟ್) ಕೋರುವುದು.

ಆ) ಸಾಖಪತ್ರದಲ್ಲಿ ಬ್ಯಾಂಕು ಪರಿಶೀಲಿಸುವುದು ದಾಖಲೆಗಳನ್ನೇ ಹೊರತು ಸರಕನ್ನಲ್ಲ. ಆದುದರಿಂದ ಹೆಸರು, ದಿನಾಂಕ, ಪ್ರಮಾಣ ಯಾವುದೂ ವ್ಯತ್ಯಾಸವಾಗಬಾರದು.

ಇ) ಸಾಲದ ಮೇಲೆ ಮಾರಾಟ ಮಾಡುವುದಾದಲ್ಲಿ ಕೇಂದ್ರ ಸರ್ಕಾರದ ಇಸಿಜಿಸಿ ಸಂಸ್ಥೆಯ ರಫ್ತು ಸಾಲ ವಿಮೆ ಪಡೆಯುವುದು.

ಈ) ಖರೀದಿದಾರರ ಹೆಸರಿನಲ್ಲಿ ಬಂದ ಮಿಂಚಂಚೆಯು ಹೊಸ ಷರತ್ತು ಅಥವಾ ಹೊಸ ಬ್ಯಾಂಕ್ ಖಾತೆಯನ್ನು ಸೂಚಿಸಿದಲ್ಲಿ ದೂರವಾಣಿಯ ಮೂಲಕ ಖಚಿತಪಡಿಸಿಕೊಳ್ಳದೆ ಮುಂದುವರಿಯಬಾರದು.

ರಫ್ತಿನ ಹಣವನ್ನು ನಿಗದಿತ ಅವಧಿಯೊಳಗೆ ಭಾರತಕ್ಕೆ ತರುವುದು ಕಾನೂನಿನ ಹೊಣೆ. ಈ ಅವಧಿಯನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ 9 ತಿಂಗಳಿಂದ 15 ತಿಂಗಳಿಗೆ ವಿಸ್ತರಿಸಿತು. ತಮ್ಮ ಸರಕಿಗೆ ಅನ್ವಯಿಸುವ ಅವಧಿಯನ್ನು ಬ್ಯಾಂಕಿನಲ್ಲಿ ವಿಚಾರಿಸತಕ್ಕದ್ದು.

5. ರವಾನೆ

ಕಡ್ಡಾಯ ದಾಖಲೆಗಳು ಮೂರು: ವಾಣಿಜ್ಯ ಇನ್‌ವಾಯ್ಸ್ ಸಹಿತ ಪ್ಯಾಕಿಂಗ್ ಪಟ್ಟಿ, ಶಿಪ್ಪಿಂಗ್ ಬಿಲ್, ಹಾಗೂ ಹಡಗು ಅಥವಾ ವಿಮಾನ ಸಾಗಣೆ ರಸೀದಿ. ಕಂಟೇನರ್ ಸರಕನ್ನು ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ಮೂಲಕ, ವಿಮಾನ ಸರಕನ್ನು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮೂಲಕ ಕಳುಹಿಸಬಹುದು. ಸಣ್ಣ ಪಾರ್ಸೆಲ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಸೌಲಭ್ಯವಿದೆ.

6. ಸಂಪರ್ಕಿಸಬೇಕಾದ ಕಚೇರಿಗಳು

ಅ) ಜಿಲ್ಲಾ ಕೈಗಾರಿಕಾ ಕೇಂದ್ರ, ಬೆಂಗಳೂರು ನಗರ ಜಿಲ್ಲೆ, ರಾಜಾಜಿನಗರ ಕೈಗಾರಿಕಾ ವಸಾಹತು.
ಆ) ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ (ವಿಟಿಪಿಸಿ): ರಫ್ತು ಉತ್ತೇಜನಕ್ಕಾಗಿ ರಾಜ್ಯದ ನೋಡಲ್ ಸಂಸ್ಥೆ.
ಇ) ಡಿಜಿಎಫ್‌ಟಿ ಪ್ರಾದೇಶಿಕ ಕಚೇರಿ, ಕೇಂದ್ರೀಯ ಸದನ, ಕೋರಮಂಗಲ.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖರೀದಿದಾರರು ದೊರೆಯುವ ಮೊದಲೇ ಐಇಸಿ ಪಡೆಯಬಹುದೇ?
ಉತ್ತರ: ಪಡೆಯಬಹುದು. ಆದರೆ ವಾರ್ಷಿಕ ದೃಢೀಕರಣವನ್ನು ಮರೆಯಬಾರದು.

ಪ್ರಶ್ನೆ: ಪೊಟ್ಟಣದ ಮೇಲೆ 'ಮೈಸೂರು ಅಗರಬತ್ತಿ' ಎಂದು ಮುದ್ರಿಸಬಹುದೇ?
ಉತ್ತರ: ಇದು ನೋಂದಾಯಿತ ಭೌಗೋಳಿಕ ಸೂಚಿಕೆಯಾಗಿರುವುದರಿಂದ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ನಂತರ ಬಳಸತಕ್ಕದ್ದು.

ಪ್ರಶ್ನೆ: ಪೂರೈಸಲಾಗದಷ್ಟು ದೊಡ್ಡ ಬೇಡಿಕೆ ಬಂದಲ್ಲಿ ಏನು ಮಾಡಬೇಕು?
ಉತ್ತರ: ತಿಂಗಳಿಗೆ ಒಂದೇ ಗುಣಮಟ್ಟದಲ್ಲಿ ತಯಾರಿಸಬಲ್ಲ ಪ್ರಮಾಣವನ್ನು ತಿಳಿಸಿ, ಕಂತುಗಳಲ್ಲಿ ಪೂರೈಸಲು ಒಪ್ಪಂದ ಮಾಡಿಕೊಳ್ಳುವುದು ಕ್ಷೇಮ. ಸಾಮರ್ಥ್ಯ ಮೀರಿ ಒಪ್ಪಿಕೊಂಡ ಬೇಡಿಕೆಯಿಂದ ಹಣದ ಜೊತೆಗೆ ಖರೀದಿದಾರರ ವಿಶ್ವಾಸವೂ ಕೈತಪ್ಪಬಹುದು.

ನಿಯಮಗಳು ಮತ್ತು ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಂಡು, ಉದ್ದಿಮೆದಾರರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.